ಪೂರ್ತಿ ಓದಿಕೊಂಡು ಹೋಗು, ಪುಟ್ಟೀ

ಪುಟ್ಟೀ,

ನಿಮ್ಮ ಕ್ಯಾಂಪಸ್ಸಿನಲ್ಲಿ, ಯುದ್ಧಕಾಲದ ಜಪಾನಿ ಸೇನೆಯ 'ಕಂಫರ್ಟ್ ವಿಮೆನ್' ವಿಷಯದ ಸಾಕ್ಷ್ಯಚಿತ್ರ 'ಶುಸೆನ್‌ಜೊ' ತೋರಿಸುತ್ತಿದ್ದೀರಿ, ಸಿನಿಮಾ ಮುಗಿದ ಮೇಲೆ ಚರ್ಚೆ ನಡೆಸಿಕೊಡುವ ಕೆಲಸ ನಿನ್ನ ತಲೆಗೆ ಬಂದಿದೆ ಅಂತ ಬರೆದಿದ್ದೀಯ. ಜಪಾನಿನ ಹುಡುಗರಿಬ್ಬರು "ಇದು ಒಂದೇ ಕಡೆ ವಾಲಿದ ಚಿತ್ರ, ತೋರಿಸಬೇಡಿ" ಅಂದರಂತೆ. ಕೊರಿಯಾದ ಹುಡುಗಿ "ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?" ಅಂತ ಎದ್ದು ಹೋದಳಂತೆ. ನಡುವೆ ಶಿವಮೊಗ್ಗದಿಂದ ಜರ್ಮನಿಗೆ ಹೋದ ನೀನು. "ಅತ್ತೆ, ಅಷ್ಟು ವರ್ಷ ಇತಿಹಾಸ ಪಾಠ ಮಾಡಿದ್ದೀಯ, ಎರಡೂ ಕಡೆಗೂ ಸಮವಾಗಿ ಮಾತಾಡೋದು ಹೇಗೆ ಅಂತ ಹೇಳಿಕೊಡು" ಅಂತ ಕೇಳಿದ್ದೀಯ.

ಅದನ್ನು ಮಾತ್ರ ಹೇಳಿಕೊಡಲಾರೆ ಕಣೇ. ಸಮವಾಗಿ ಮಾತಾಡಬೇಕು ಅನ್ನುವ ಆಸೆಯಿಂದಲೇ ಇಂಥ ಸಭೆಗಳು ಅರ್ಧ ಕೆಡುವುದು. ಇತಿಹಾಸದ ಒಂದು ವಿಷಯಕ್ಕೆ 'ವಿವಾದಿತ' ಅಂತ ಚೀಟಿ ಅಂಟಿಸಿಬಿಟ್ಟರೆ ಅದರ ಪ್ರತಿ ಸಾಲೂ ಅನುಮಾನದ್ದು ಅನ್ನಿಸತೊಡಗುತ್ತದೆ. ನಿಜವಾಗಿ ಹಾಗಿರುವುದಿಲ್ಲ. ಕೆಲವು ಮಾತು ಇತ್ಯರ್ಥವಾಗಿರುತ್ತವೆ, ಕೆಲವಕ್ಕೆ ಇನ್ನೂ ದಾಖಲೆ ಸಾಲದು, ಇನ್ನು ಕೆಲವು ಇತಿಹಾಸದ ಜಗಳವೇ ಅಲ್ಲ, ಇವತ್ತಿನ ರಾಜಕಾರಣದ ಜಗಳ. ಚರ್ಚೆ ನಡೆಸುವವಳ ಮೊದಲ ಕೆಲಸ ಜಗಳ ಎಲ್ಲೆಲ್ಲಿದೆ ಅಂತ ಗುರುತು ಹಾಕಿಕೊಳ್ಳುವುದು. ನಾಲ್ಕು ಗೆರೆ ಎಳೆದುಕೊಂಡು ಹೋಗು, ಆಮೇಲೆ ಯಾರು ಎಷ್ಟೇ ಜೋರಾಗಿ ಕೂಗಿದರೂ ನೀನು ದಾರಿ ತಪ್ಪುವುದಿಲ್ಲ.

ಜಪಾನಿನ ಸೇನೆ 1932ರಲ್ಲಿ ಶಾಂಘೈಯಲ್ಲಿ ತನ್ನ ಸೈನಿಕರಿಗಾಗಿ 'ಕಂಫರ್ಟ್ ಸ್ಟೇಷನ್' ಅನ್ನುವ ವೇಶ್ಯಾಗೃಹಗಳನ್ನು ಶುರು ಮಾಡಿತು, 1937ರ ಕೊನೆಯಲ್ಲಿ ನಾನ್‌ಜಿಂಗ್ ಬಿದ್ದ ಮೇಲೆ ಅದು ದೊಡ್ಡ ವ್ಯವಸ್ಥೆಯೇ ಆಗಿ ಯುದ್ಧ ಹೋದಲ್ಲೆಲ್ಲ ಹಬ್ಬಿತು. ಕೊರಿಯಾ, ಚೀನಾ, ತೈವಾನ್, ಫಿಲಿಪೈನ್ಸ್, ಇಂಡೋನೇಷ್ಯಾದ ಹೆಣ್ಣುಮಕ್ಕಳು, ಜಪಾನಿನವರೇ ಕೆಲವರು, ಇಂಡೋನೇಷ್ಯಾದಲ್ಲಿದ್ದ ಡಚ್ ಹುಡುಗಿಯರೂ ಅದರೊಳಗೆ ಸಿಕ್ಕಿಕೊಂಡರು. ಇದು ಇತ್ಯರ್ಥವಾದ ಮಾತು. ಜಪಾನ್ ಸರ್ಕಾರವೇ 1993ರ ಆಗಸ್ಟ್ 4ರಂದು ಕೊನೊ ಹೇಳಿಕೆಯಲ್ಲಿ ಸೇನೆಯ ಪಾಲನ್ನು ಒಪ್ಪಿಕೊಂಡಿದೆ, ಬಹಳ ಮಂದಿಯನ್ನು ಅವರ ಇಚ್ಛೆಗೆ ವಿರುದ್ಧವಾಗಿ ಸೇರಿಸಲಾಯಿತು ಅಂತಲೂ ಒಪ್ಪಿದೆ. ಆಮೇಲೆ ಬಂದ ಪ್ರಧಾನಿಗಳು ಅದರ ಮೇಲೆ ಏನೇ ಗೊಣಗಿದ್ದರೂ ಆ ಹೇಳಿಕೆಯನ್ನು ಯಾರೂ ವಾಪಸ್ ಪಡೆದಿಲ್ಲ.

ಎಷ್ಟು ಮಂದಿ ಅನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ಇತಿಹಾಸಕಾರ ಇಕುಹಿಕೊ ಹಾತಾ ಇಪ್ಪತ್ತು ಸಾವಿರದ ಆಸುಪಾಸು ಅಂದರು, ಯೊಶಿಮಿ ಯೊಶಿಯಾಕಿ ಕನಿಷ್ಠ ಐವತ್ತು ಸಾವಿರ ಅಂದರು, ಎರಡು ಲಕ್ಷ ಅನ್ನುವ ಅಂಕಿ ಸ್ಮಾರಕ ಫಲಕಗಳ ಮೇಲೆ ಹೆಚ್ಚು ಕಾಣುತ್ತದೆ. ಇವೆಲ್ಲ ಅಂದಾಜು. ಹೆಸರಿನ ಪಟ್ಟಿ ಇಲ್ಲ. ಸೋಲುವ ಹೊತ್ತಿಗೆ ಜಪಾನಿನ ಕಚೇರಿಗಳಲ್ಲಿ ಕಾಗದ ಸುಟ್ಟಿದ್ದೂ ಉಂಟು. ನಿನ್ನ ಸಭೆಯಲ್ಲಿ ಯಾರಾದರೂ "ಎರಡು ಲಕ್ಷಕ್ಕೆ ಆಧಾರ ಎಲ್ಲಿ?" ಅಂದರೆ ಹಾರಿಕೆಯ ಉತ್ತರ ಕೊಡಬೇಡ. "ಅದು ಅಂದಾಜು, ಖಚಿತ ಅಂಕಿ ಇಲ್ಲ" ಅಂತ ನೇರವಾಗಿ ಹೇಳು. ಅಷ್ಟು ಒಪ್ಪಿಕೊಂಡರೆ ಏನೂ ಕಳೆದುಹೋಗುವುದಿಲ್ಲ, ಇಪ್ಪತ್ತು ಸಾವಿರವಾದರೂ ಅಪರಾಧ ಚಿಕ್ಕದಾಗುವುದಿಲ್ಲ. ಒಪ್ಪದೆ ಜಗ್ಗಾಡಿದರೆ ಮಾತ್ರ ಉಳಿದ ಹೊತ್ತೆಲ್ಲ ಅಂಕಿಯ ಮೇಲೇ ಕಳೆದುಹೋಗುತ್ತದೆ.

ಇನ್ನು ಬಲವಂತದ ಮಾತು. ನಿಜವಾದ ಕಾದಾಟ ಇಲ್ಲಿದೆ. ಕೊರಿಯಾದ ಹುಡುಗಿಯರನ್ನು ಸೈನಿಕರು ಮನೆಗೆ ನುಗ್ಗಿ ಎಳೆದೊಯ್ದರೇ, ಅಥವಾ ದಲ್ಲಾಳಿಗಳು ಕೆಲಸ ಕೊಡಿಸುತ್ತೇವೆ ಅಂತ ಸುಳ್ಳು ಹೇಳಿ, ಅಪ್ಪನ ಸಾಲಕ್ಕೆ ಮುಂಗಡ ಕೊಟ್ಟು ಕರೆದೊಯ್ದರೇ? ಮೊದಲನೆಯದಕ್ಕೆ ಸರ್ಕಾರಿ ಕಾಗದ ತೋರಿಸಿ ಅನ್ನುವುದು ಜಪಾನಿನ ಬಲಪಂಥದ ಪಟ್ಟು. 2007ರ ಮಾರ್ಚಿನಲ್ಲಿ ಶಿಂಜೊ ಅಬೆ ಸರ್ಕಾರವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ನಾನು ಕೇಳುವುದು ಇಷ್ಟೇ: ಸುಳ್ಳು ಹೇಳಿ ಸಮುದ್ರ ದಾಟಿಸಿ, ವಾಪಸ್ ಬರಲು ದಾರಿಯಿಲ್ಲದ ಕಡೆ, ಸಾಲದ ಲೆಕ್ಕ ಹಿಡಿದು ಕೂರಿಸಿದರೆ ಅದಕ್ಕೆ ಇಚ್ಛೆ ಅನ್ನುತ್ತಾರೇನು? ಜೀತದ ಲೆಕ್ಕ ಗೊತ್ತಿರುವ ಯಾವ ಊರಿನವರೂ ಅನ್ನಲಾರರು.

ನನ್ನ ಮಾತು ನಂಬಬೇಡ, ಕಾಗದ ಓದು. ಒಂದು ಕಾಗದವನ್ನಾದರೂ ಮೊದಲ ಸಾಲಿನಿಂದ ಕೊನೆಯ ಪಟ್ಟಿಯವರೆಗೆ ಓದಿಕೊಂಡು ಸಭೆಗೆ ಹೋಗು. ಯಾವುದು ಅಂತಲೂ ಹೇಳುತ್ತೇನೆ, ಯಾಕೆಂದರೆ ನಿನ್ನ ಎದುರು ಯಾರಾದರೂ ಖಂಡಿತ ಅದನ್ನು ಬೀಸುತ್ತಾರೆ.

1944ರ ಆಗಸ್ಟಿನಲ್ಲಿ ಬರ್ಮಾದ ಮಿಚ್ಚೀನಾ ಪಟ್ಟಣ ಮಿತ್ರಪಡೆಗಳ ಕೈಗೆ ಬಂತು. ಅಲ್ಲಿ ಸಿಕ್ಕಿದವರಲ್ಲಿ ಇಪ್ಪತ್ತು ಮಂದಿ ಕೊರಿಯಾದ ಹೆಣ್ಣುಮಕ್ಕಳು, ಜೊತೆಗೆ ಅವರನ್ನು ಇಟ್ಟುಕೊಂಡಿದ್ದ ಜಪಾನಿ ದಂಪತಿ. ಅಮೆರಿಕನ್ನರು ಅವರನ್ನು ವಿಚಾರಣೆ ಮಾಡಿದ್ದು ಎಲ್ಲಿ ಗೊತ್ತೇ? ನಮ್ಮ ಅಸ್ಸಾಮಿನ ಲೇಡೊದಲ್ಲಿ. ಆ ವಿಚಾರಣೆಯ ವರದಿಯ ಸಂಖ್ಯೆ 49, ತಾರೀಕು 1944ರ ಅಕ್ಟೋಬರ್ 1. ಕೆಲವೇ ಪುಟ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಓದಬಹುದು.

ವರದಿ ಶುರುವಿನಲ್ಲೇ ಇವರನ್ನು ಸೇನೆಯ ಹಿಂದೆ ಹೋಗುವ ವೃತ್ತಿಯ ವೇಶ್ಯೆಯರು ಅನ್ನುತ್ತದೆ. ತಿಂಗಳಿಗೆ ಸುಮಾರು 1500 ಯೆನ್ ದುಡಿಯುತ್ತಿದ್ದರು, ಸೈನಿಕರ ಜೊತೆ ಆಟೋಟಕ್ಕೆ, ಪಿಕ್‌ನಿಕ್ಕಿಗೆ ಹೋಗುತ್ತಿದ್ದರು, ಗ್ರಾಮಫೋನ್ ಇತ್ತು, ಪೇಟೆಗೆ ಹೋಗಿ ಸಾಮಾನು ಕೊಳ್ಳುತ್ತಿದ್ದರು ಅಂತಲೂ ಇದೆ. ಇಷ್ಟನ್ನು ಕತ್ತರಿಸಿ ತಂದವರು "ನೋಡಿ, ಅಮೆರಿಕದ ಸೇನೆಯೇ ಹೇಳಿದೆ" ಅಂತ ಗೆದ್ದವರ ಹಾಗೆ ನಿಲ್ಲುತ್ತಾರೆ.

ಅದೇ ವರದಿಯಲ್ಲೇ ಇರುವ ಉಳಿದದ್ದು ಕೇಳು. 1942ರ ಮೇ ತಿಂಗಳಲ್ಲಿ ದಲ್ಲಾಳಿಗಳು ಕೊರಿಯಾಕ್ಕೆ ಬಂದರು. ಕೆಲಸ ಏನು ಅಂತ ಬಿಡಿಸಿ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡುವುದು, ಬ್ಯಾಂಡೇಜು ಸುತ್ತುವುದು ಅನ್ನುವ ಹಾಗೆ ಬಿಂಬಿಸಿದರು. ಕೈತುಂಬ ಹಣ, ಮನೆಯ ಸಾಲ ತೀರುತ್ತದೆ, ಸಿಂಗಾಪುರದಲ್ಲಿ ಹೊಸ ಬದುಕು ಅಂದರು. ಆ ಸುಳ್ಳು ನಂಬಿ ಬಂದವರೇ ಬಹಳ ಮಂದಿ ಅಂತ ವರದಿಯೇ ಬರೆದಿದೆ. ಕೈಗೆ ಕೆಲವು ನೂರು ಯೆನ್ ಮುಂಗಡ, ಆ ಮುಂಗಡಕ್ಕೆ ಆರು ತಿಂಗಳಿಂದ ವರ್ಷದವರೆಗೆ ಕರಾರು. ಹೀಗೆ ಕೂಡಿಸಿದ ಸುಮಾರು ಎಂಟು ನೂರು ಮಂದಿ 1942ರ ಆಗಸ್ಟಿನಲ್ಲಿ ರಂಗೂನಿನಲ್ಲಿ ಇಳಿದರು. ದುಡಿದದ್ದರಲ್ಲಿ ಶೇ. 50ರಿಂದ 60 ಆ ವೇಶ್ಯಾಗೃಹದ ಯಜಮಾನನಿಗೆ, ಉಳಿದದ್ದರಲ್ಲಿ ಊಟಕ್ಕೂ ಸಾಮಾನಿಗೂ ಅವನು ಹೇಳಿದ್ದೇ ರೇಟು. ಬರ್ಮಾದಲ್ಲಿ ಜಪಾನ್ ಅಚ್ಚು ಹಾಕಿದ ಯುದ್ಧದ ನೋಟು ಯುದ್ಧ ಮುಗಿದ ದಿನ ಒಲೆ ಹಚ್ಚುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬರಲಿಲ್ಲ ಅನ್ನುವುದನ್ನು ನಾನೇ ಸೇರಿಸುತ್ತೇನೆ, ಅದು ವರದಿಯಲ್ಲಿಲ್ಲ.

ಕೊನೆಯಲ್ಲಿ ಒಂದು ಪಟ್ಟಿ ಇದೆ. ಇಪ್ಪತ್ತು ಮಂದಿಯ ಹೆಸರು, ವಯಸ್ಸು. ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದೇ ಇಲ್ಲ. ವರದಿಯ ಒಳಗೆ, ಸಾಮಾನ್ಯವಾಗಿ ಈ ಹೆಣ್ಣುಮಕ್ಕಳಿಗೆ ಸುಮಾರು 25 ವಯಸ್ಸು ಅಂತ ಬರೆದಿದ್ದಾರೆ. ಪಟ್ಟಿಯನ್ನು ನೀನೇ ಕೂಡಿಸಿ ಇಪ್ಪತ್ತರಿಂದ ಭಾಗಿಸು, 23 ಬರುತ್ತದೆ. ಇಪ್ಪತ್ತರಲ್ಲಿ ಹನ್ನೊಂದು ಮಂದಿ 21 ಅಥವಾ ಅದಕ್ಕೂ ಕಿರಿಯರು, ಎಲ್ಲರಿಗಿಂತ ಚಿಕ್ಕವಳಿಗೆ 19. ಇದು 1944ರ ವಯಸ್ಸು. ಅವರನ್ನು ಕರೆತಂದದ್ದು ಎರಡು ವರ್ಷ ಮುಂಚೆ. ನೀನು ಪಿಯುಸಿ ಓದುತ್ತಿದ್ದ ವಯಸ್ಸು ಕಣೇ ಅದು. ಹೆಂಗಸರ ಸಾಗಣೆ ತಡೆಯುವ 1921ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ 21 ವರ್ಷದೊಳಗಿನವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಜಪಾನ್ 1925ರಲ್ಲಿ ಅದಕ್ಕೆ ಸೇರಿತ್ತು, ಆದರೆ ಕೊರಿಯಾದಂಥ ವಸಾಹತುಗಳನ್ನು ಹೊರಗಿಟ್ಟು ಸೇರಿತ್ತು. ದಲ್ಲಾಳಿಗಳು ಅಲ್ಲಿಗೇ ಯಾಕೆ ಹೋದರು ಅನ್ನುವುದಕ್ಕೆ ಬಡತನದ ಜೊತೆಗೆ ಇದೂ ಒಂದು ಕಾರಣ.

ವರದಿ ಬರೆದವರು ಈ ಹೆಂಗಸರ ಮೇಲೆ ಮರುಕ ಇದ್ದವರೂ ಅಲ್ಲ. ಮಕ್ಕಳ ಬುದ್ಧಿಯವರು, ಸ್ವಾರ್ಥಿಗಳು ಅಂತೆಲ್ಲ ತಾತ್ಸಾರವಾಗಿ ಬರೆದಿದ್ದಾರೆ. ಅಂಥವರ ಕೈಯಿಂದಲೇ ಬಂದ ಕಾಗದದಲ್ಲಿ ಇಷ್ಟು ಉಳಿದಿದೆಯಲ್ಲ, ನನಗೆ ಅದಕ್ಕೇ ಇದು ಹೆಚ್ಚು ತೂಕದ ಸಾಕ್ಷಿ ಅನ್ನಿಸುತ್ತದೆ. ಈ ವರದಿಯ ಪ್ರತಿಗಳನ್ನು ಮಾಡಿಸಿ ಬಾಗಿಲಲ್ಲೇ ಹಂಚು. ಅರ್ಧ ಹೊತ್ತು ಉಳಿಯುತ್ತದೆ.

ಕೊರಿಯಾದ ಗೆಳತಿಗೂ ಒಂದು ಮಾತು ಹೇಳಬೇಕಾಗುತ್ತದೆ, ಮೆತ್ತಗೆ ಹೇಳು. ಯೊಶಿದಾ ಸೇಜಿ ಅನ್ನುವ ಮನುಷ್ಯ, ಜೆಜು ದ್ವೀಪದಲ್ಲಿ ತಾನೇ ಹೆಣ್ಣುಮಕ್ಕಳನ್ನು ಬೇಟೆಯಾಡಿ ಹಿಡಿದುಕೊಟ್ಟೆ ಅಂತ 1983ರಲ್ಲಿ ಪುಸ್ತಕ ಬರೆದ. 'ಅಸಾಹಿ' ಪತ್ರಿಕೆ ಅವನ ಮಾತು ನಂಬಿ ವರ್ಷಗಟ್ಟಲೆ ಬರೆಯಿತು. ಹಾತಾ 1992ರಲ್ಲಿ ಜೆಜುವಿಗೇ ಹೋಗಿ ಕೇಳಿದರೆ ಅಂಥದ್ದು ನಡೆದ ಸುಳಿವೇ ಇಲ್ಲ. ಕೊನೆಗೆ 2014ರ ಆಗಸ್ಟಿನಲ್ಲಿ ಪತ್ರಿಕೆ ಆ ವರದಿಗಳನ್ನು ವಾಪಸ್ ಪಡೆಯಿತು. ಆ ದಿನದಿಂದ ಜಪಾನಿನಲ್ಲಿ ಒಂದು ವರ್ಗ, ಒಂದು ಕಲ್ಲು ಸಿಕ್ಕಿತು ಅಂತ ಅಕ್ಕಿ ಮೂಟೆಯನ್ನೇ ಚರಂಡಿಗೆ ಸುರಿಯಲು ಹೊರಟಿದೆ. ಯೊಶಿದಾ ಹೇಳಿದ್ದು ಸುಳ್ಳು, ಅದನ್ನು ಸಭೆಯಲ್ಲಿ ನೀನೇ ಮೊದಲು ಹೇಳಿಬಿಡು. ಬೇರೆಯವರ ಬಾಯಿಂದ ಬಂದರೆ ಮುಚ್ಚಿಟ್ಟ ಗುಟ್ಟು ಹೊರಬಿದ್ದ ಹಾಗೆ ಕೇಳಿಸುತ್ತದೆ.

ಉಳಿದ ದಾಖಲೆಗಳಿಗೂ ಆ ಮನುಷ್ಯನಿಗೂ ಸಂಬಂಧವಿಲ್ಲ. ಆ ವ್ಯವಸ್ಥೆಗೆ ಸಿಕ್ಕಿ ಬದುಕುಳಿದ ಕೊರಿಯಾದ ಕಿಮ್ ಹಾಕ್-ಸುನ್ 1991ರ ಆಗಸ್ಟ್ 14ರಂದು ಸೋಲ್‌ನಲ್ಲಿ ತನ್ನ ಹೆಸರು, ಮುಖ ಮರೆಮಾಡದೆ ಮಾತಾಡಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಜಪಾನ್ ಸರ್ಕಾರ ತನ್ನ ಸಂಸತ್ತಿನಲ್ಲಿ, ಅದೆಲ್ಲ ಖಾಸಗಿ ದಲ್ಲಾಳಿಗಳ ಕೆಲಸ ಅಂದಿತ್ತು. ಕಿಮ್ ಅವರ ಮಾತು ಕೇಳಿದ ಯೊಶಿಮಿ ಟೋಕಿಯೊದ ರಕ್ಷಣಾ ಇಲಾಖೆಯ ಗ್ರಂಥಾಲಯಕ್ಕೆ ಹೋಗಿ ಕಡತ ಹುಡುಕಿದರು. ಅಲ್ಲಿ ಸೇನೆಯದೇ ಆದೇಶಗಳು ಸಿಕ್ಕಿದವು. 1992ರ ಜನವರಿ 11ರಂದು ಪತ್ರಿಕೆಯಲ್ಲಿ ಬಂತು, ಅದೇ ತಿಂಗಳು ಪ್ರಧಾನಿ ಮಿಯಾಜಾವಾ ಸೋಲ್‌ಗೆ ಹೋಗಿ ಕ್ಷಮೆ ಕೇಳಿದರು. ಕಡತವೊಂದು ಕಪಾಟಿನಲ್ಲೇ ಇತ್ತು, ಕೇಳುವವರು ಇರಲಿಲ್ಲ ಅಷ್ಟೆ. ಆ ಕಾಗದಗಳಲ್ಲೂ ಜಗಳ ಇದೆ, ನೋಡು: 1938ರ ಮಾರ್ಚ್ 4ರ ಆದೇಶ, ಹೆಣ್ಣುಮಕ್ಕಳನ್ನು ಕೂಡಿಸುವ ದಲ್ಲಾಳಿಗಳನ್ನು ಸೇನೆ ಎಚ್ಚರದಿಂದ ಆರಿಸಬೇಕು, ಕೆಲವರು ಅಪಹರಣದಂಥ ಕೆಲಸ ಮಾಡಿ ಪೊಲೀಸರ ಕೈಗೆ ಸಿಕ್ಕಿದ್ದಾರೆ ಅನ್ನುತ್ತದೆ. "ಸೇನೆ ಕೆಟ್ಟ ದಲ್ಲಾಳಿಗಳನ್ನು ತಡೆಯುತ್ತಿತ್ತು" ಅಂತ ಒಬ್ಬರು, "ದಲ್ಲಾಳಿಗಳನ್ನು ಆರಿಸುತ್ತಿದ್ದುದೇ ಸೇನೆ" ಅಂತ ಇನ್ನೊಬ್ಬರು. ನಾನಂತೂ ಎರಡನೆಯದನ್ನು ಒಪ್ಪುತ್ತೇನೆ. ಆದರೆ ಮೊದಲನೆಯದನ್ನು ಹೇಳುವವನನ್ನು ಮೂರ್ಖ ಅನ್ನಬೇಡ, ಕಾಗದ ಮುಂದಿಟ್ಟು ಮಾತಾಡಿಸು.

ಹೀಗೆ ಬದುಕುಳಿದ ಅಜ್ಜಿಯರ ಹೇಳಿಕೆಗಳಲ್ಲಿ ತಾರೀಕು, ಊರು ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ಇರುತ್ತದೆ. ಕಿಮ್ ಅವರ ಮಾತಿನಲ್ಲೂ ಇದೆ. ಐವತ್ತು ವರ್ಷ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡದ್ದನ್ನು ಬೇರೆ ಬೇರೆಯವರು ಕೇಳಿದಾಗ ಬೇರೆ ಬೇರೆ ತುದಿಯಿಂದ ಹೇಳುತ್ತಾರೆ. ಹಾಗಂತ ಹೇಳಿದ್ದನ್ನೆಲ್ಲ ಪರೀಕ್ಷೆ ಮಾಡಲೇಬಾರದು ಅನ್ನುವ ಭಕ್ತಿಯೂ ಬೇಡ. ಇತಿಹಾಸ ಓದುವವರು ಹೇಳಿಕೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಾರೆ, ಅದರಲ್ಲಿ ಅಗೌರವವೇನೂ ಇಲ್ಲ. ಪಾರ್ಕ್ ಯು-ಹಾ ಅನ್ನುವ ಕೊರಿಯಾದ ಪ್ರಾಧ್ಯಾಪಕಿ ಈ ವಿಷಯದಲ್ಲಿ ತನ್ನ ಊರಿನವರಿಗೆ ರುಚಿಸದ ಪುಸ್ತಕ ಬರೆದದ್ದಕ್ಕೆ ಮಾನನಷ್ಟದ ಕೇಸಿನಲ್ಲಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ತಳ್ಳಿಹಾಕಿತು. ಅವರ ವಾದ ನನಗೆ ಒಪ್ಪಿಗೆಯಿಲ್ಲ, ಆದರೆ ಪುಸ್ತಕಕ್ಕೆ ಪೊಲೀಸ್ ಕೇಸು ಉತ್ತರವಾಗಬಾರದಿತ್ತು.

ಈಗ ನಿಮ್ಮ ಸಿನಿಮಾ. ಮಾಡಿದವರು ಮಿಕಿ ಡೆಜಾಕಿ, ಜಪಾನಿ ಮೂಲದ ಅಮೆರಿಕನ್, ಟೋಕಿಯೊದ ಸೋಫಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಶುರು ಮಾಡಿದ್ದು. 2018ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಬಂತು, ಮರುವರ್ಷ ಜಪಾನಿನ ಥಿಯೇಟರುಗಳಿಗೆ ಬಂತು. ಒಬ್ಬರು ಒಂದು ಮಾತು ಹೇಳುತ್ತಾರೆ, ತಕ್ಷಣ ಕತ್ತರಿಸಿ ಇನ್ನೊಬ್ಬರು ಅದನ್ನು ಖಂಡಿಸುತ್ತಾರೆ; ಎರಡು ಗಂಟೆ ಹೀಗೇ ಓಡುತ್ತದೆ. ಚುರುಕಾಗಿದೆ, ಒಪ್ಪುತ್ತೇನೆ. ಆದರೆ ಆ ವೇಗದಲ್ಲಿ ಯೋಚಿಸಲು ಉಸಿರು ಸಿಗುವುದಿಲ್ಲ, ಕೊನೆಯ ಮಾತು ಯಾರಿಗೆ ಕೊಡಬೇಕು ಅನ್ನುವುದು ಎಡಿಟಿಂಗ್ ಟೇಬಲ್ಲಿನಲ್ಲೇ ತೀರ್ಮಾನವಾಗಿರುತ್ತದೆ. ಡೆಜಾಕಿಗೆ ಒಂದು ನಿಲುವಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ನಿಲುವಿದ್ದ ಮಾತ್ರಕ್ಕೆ ಸಾಕ್ಷ್ಯಚಿತ್ರ ಸುಳ್ಳಾಗುವುದಿಲ್ಲ, ನಿಜವೂ ಆಗುವುದಿಲ್ಲ. ನನಗೆ ಕೊರತೆ ಅನ್ನಿಸುವುದು ಬೇರೆ: ಪರದೆಯ ಮೇಲೆ ಮಾತೆಲ್ಲ ವಾದ ಮಾಡುವವರದ್ದು, ಅನುಭವಿಸಿದವರದ್ದು ಬಹಳ ಕಡಿಮೆ. ಸಾಧ್ಯವಾದರೆ ಸಿನಿಮಾಕ್ಕೆ ಮುಂಚೆ ಯಾರಾದರೂ ಒಬ್ಬ ಅಜ್ಜಿಯ ಹೇಳಿಕೆಯನ್ನು ಓದಿಸು. ಕೊರಿಯಾದವರದ್ದೇ ಆಗಬೇಕಿಲ್ಲ, ಫಿಲಿಪೈನ್ಸಿನ ಮರಿಯಾ ರೋಸಾ ಹೆನ್ಸನ್, ಡಚ್ ಮೂಲದ ಯಾನ್ ರಫ್-ಒ'ಹರ್ನ್, ಇಬ್ಬರೂ 1992ರಲ್ಲಿ ಎದ್ದು ನಿಂತು ಹೇಳಿದವರು. ಇದು ಬರೀ ಜಪಾನ್-ಕೊರಿಯಾ ಜಗಳ ಅನ್ನುವ ಭ್ರಮೆ ಅಲ್ಲಿಗೇ ಸಡಿಲವಾಗುತ್ತದೆ.

ಜಪಾನಿನ ಹುಡುಗರು ಇನ್ನೊಂದು ಆಕ್ಷೇಪ ಎತ್ತಬಹುದು. ಚಿತ್ರದಲ್ಲಿ ಮಾತಾಡಿದ ಐದು ಮಂದಿ, ವಿದ್ಯಾರ್ಥಿಯ ಕೆಲಸ ಅಂತ ನಂಬಿ ಸಂದರ್ಶನ ಕೊಟ್ಟೆವು, ಥಿಯೇಟರಿಗೆ ಹಾಕಿ ನಮ್ಮನ್ನು ಅವಮಾನ ಮಾಡಿದರು ಅಂತ 2019ರಲ್ಲಿ ಕೇಸು ಹಾಕಿದರು. 2022ರ ಜನವರಿಯಲ್ಲಿ ಟೋಕಿಯೊ ಜಿಲ್ಲಾ ಕೋರ್ಟ್ ವಜಾ ಮಾಡಿತು. ಕೋರ್ಟಿನ ಮಾತು ಹೇಳಿ ಸುಮ್ಮನಾಗಬೇಡ. ಎದುರಾಳಿಯಿಂದ ಮಾತು ಪಡೆಯುವಾಗ ಎಷ್ಟು ಬಿಚ್ಚಿ ಹೇಳಬೇಕು ಅನ್ನುವುದು ನಿಮ್ಮಂಥ ಸಂಶೋಧನೆ ಮಾಡುವ ಮಕ್ಕಳೆಲ್ಲ ಮಾತಾಡಿಕೊಳ್ಳಲೇಬೇಕಾದ ಪ್ರಶ್ನೆ. ಅವರಿಗೆ ಅದರಲ್ಲಿ ಐದು ನಿಮಿಷ ಕೊಡು.

ತೋರಿಸುವುದೇ ಬೇಡ ಅನ್ನುವುದಕ್ಕೆ ಮಾತ್ರ ಬಗ್ಗಬೇಡ. ಕಾವಾಸಾಕಿಯ ಚಿತ್ರೋತ್ಸವ 2019ರಲ್ಲಿ ಇದೇ ಚಿತ್ರವನ್ನು, ನಗರಾಡಳಿತ ಹಿಂದೆಮುಂದೆ ನೋಡಿತು ಅಂತ ಪಟ್ಟಿಯಿಂದ ತೆಗೆದುಹಾಕಿತು. ಕೊರೆ-ಎದಾ ಅಂಥ ನಿರ್ದೇಶಕರೇ ಬಂದು ವಿರೋಧಿಸಿದ ಮೇಲೆ ಕೊನೆಯ ದಿನ ತೋರಿಸಿದರು. ಬೇಡ ಅಂದವರೂ ಬೇಕು ಅಂದವರೂ ಜಪಾನಿನವರೇ ಅನ್ನುವುದನ್ನು ಗಮನಿಸು. ನೀನಿರುವ ಜರ್ಮನಿಯಲ್ಲೇ ಕಾಸೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2022ರಲ್ಲಿ ಆ ಹೆಣ್ಣುಮಕ್ಕಳ ನೆನಪಿನ ಹುಡುಗಿಯ ಪ್ರತಿಮೆ ನಿಲ್ಲಿಸಿದ್ದರು, ಮರುವರ್ಷ ವಿಶ್ವವಿದ್ಯಾಲಯ ಅದನ್ನು ತೆಗೆಸಿತು. ಹಾಗಾಗಿ ಹಾಲ್‌ನ ಅನುಮತಿಯನ್ನು ಬಾಯಿಮಾತಿನಲ್ಲಿ ಬಿಡಬೇಡ, ಬರವಣಿಗೆಯಲ್ಲಿ ತೆಗೆದುಕೊ.

ನಿನಗೇ ಬರುವ ಪ್ರಶ್ನೆ ಒಂದಿದೆ. "ನೀನು ಭಾರತದವಳು. ನಿಮ್ಮ ಜಡ್ಜ್ ಒಬ್ಬರೇ ಅಲ್ವಾ ಜಪಾನ್ ನಿರ್ದೋಷಿ ಅಂದದ್ದು?" ರಾಧಾವಿನೋದ ಪಾಲರ ಮಾತು ಅದು. ಟೋಕಿಯೊದ ಯುದ್ಧಾಪರಾಧ ವಿಚಾರಣೆಯ ಹನ್ನೊಂದು ನ್ಯಾಯಾಧೀಶರಲ್ಲಿ ಅವರೊಬ್ಬರು ಎಲ್ಲ ಆರೋಪಿಗಳನ್ನೂ ಬಿಡಬೇಕು ಅಂತ 1948ರಲ್ಲಿ ಬರೆದರು. ಟೋಕಿಯೊದ ಯಾಸುಕುನಿ ದೇಗುಲದಲ್ಲಿ ಅವರ ಸ್ಮಾರಕ ಇದೆ, ಅಬೆ 2007ರ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟಿನಲ್ಲಿ ನಿಂತು ಅವರನ್ನು ನೆನೆದರು, ಆಮೇಲೆ ಕೋಲ್ಕತ್ತಕ್ಕೆ ಹೋಗಿ ಅವರ ಮಗನನ್ನು ಕಂಡರು. ನಮ್ಮವರಿಗೂ ಆ ಹೊಗಳಿಕೆ ಹಿತವಾಗಿಯೇ ಇತ್ತು. ಪಾಲ್ ಬರೆದದ್ದು ಸಾವಿರ ಪುಟ ಮೀರುತ್ತದೆ, ಹೊಗಳುವವರಲ್ಲಿ ಓದಿದವರು ಎಷ್ಟು ಮಂದಿಯೋ. ಅವರ ಪ್ರಶ್ನೆ ಇದ್ದದ್ದು ಗೆದ್ದವರು ಸೋತವರ ಮೇಲೆ, ಆಮೇಲೆ ಮಾಡಿದ ಕಾನೂನು ಹಿಡಿದು ತೀರ್ಪು ಕೊಡಬಹುದೇ ಅನ್ನುವುದು. ಜಪಾನಿನ ಪಡೆಗಳು ತಾವು ಹಿಡಿದ ನಾಡುಗಳ ಜನರ ಮೇಲೆ, ಯುದ್ಧಕೈದಿಗಳ ಮೇಲೆ ಕ್ರೌರ್ಯ ನಡೆಸಿದ್ದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ ಅಂತ ಅವರೇ ಒಪ್ಪಿ ಬರೆದಿದ್ದಾರೆ. ಆ ಪುಟದ ಸಂಖ್ಯೆ ಗುರುತು ಹಾಕಿಕೊಂಡು ಹೋಗು.

ಜಪಾನಿನ ಹುಡುಗರನ್ನು ಸಭೆಗೆ ನೀನೇ ಹೋಗಿ ಕರೆ. ಅವರ ಅಜ್ಜಂದಿರ ಕಾಲದ ಲೆಕ್ಕವನ್ನು ಅವರ ಮುಖ ನೋಡಿ ಕೇಳುವವರು ಇರುತ್ತಾರೆ, ಮೈಕ್ ಹಿಡಿದವಳು ನೀನಾದ್ದರಿಂದ ಅದಕ್ಕೆ ಅವಕಾಶ ಕೊಡಬೇಡ. ಈ ಕಡತವನ್ನೆಲ್ಲ ತೆಗೆದು ಲೋಕಕ್ಕೆ ತೋರಿಸಿದವರಲ್ಲಿ ಮುಂದೆ ಇದ್ದವರೂ ಜಪಾನಿನ ಮೇಷ್ಟ್ರುಗಳು, ಹೆಣ್ಣುಮಕ್ಕಳು ಅನ್ನುವುದನ್ನು ಶುರುವಿನಲ್ಲೇ ಹೇಳಿಬಿಡು. ಮೈಕನ್ನು ಮಾತ್ರ ಯಾರ ಕೈಗೂ ಕೊಡಬೇಡ ಮಾರಾಯ್ತಿ, ನೀನೇ ಹಿಡಿದು ಅವರ ಬಾಯಿಯ ಹತ್ತಿರ ಒಯ್ಯಿ. ಕಾಲೇಜಿನ ಫಿಲ್ಮ್ ಸೊಸೈಟಿ ನಡೆಸಿದಷ್ಟೂ ವರ್ಷ ನೋಡಿದ್ದೇನೆ, ಮೈಕ್ ಕೈಗೆ ಬಂದವನು ಪ್ರಶ್ನೆ ಕೇಳುವುದಿಲ್ಲ, ಭಾಷಣ ಮಾಡುತ್ತಾನೆ. ಬರೆದು ಕೊಡುವವರಿಗೆ ಚೀಟಿ ಇಡು. ಇಂಥ ವಿಷಯದಲ್ಲಿ ಹೆಣ್ಣುಮಕ್ಕಳು ಎದ್ದು ಕೇಳಲಾರದ್ದನ್ನು ಚೀಟಿಯಲ್ಲಿ ಬರೆಯುತ್ತಾರೆ.

ಸಿನಿಮಾವೇ ಎರಡು ಗಂಟೆ. ಹಾಲ್ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತ ಇವತ್ತೇ ಕೇಳಿಕೊ. ಚರ್ಚೆಗೆ ಒಂದು ಗಂಟೆ ಸಿಗದಿದ್ದರೆ ಪ್ರದರ್ಶನವನ್ನು ಶನಿವಾರ ಮಧ್ಯಾಹ್ನಕ್ಕೆ ಹಾಕು, ಯಾರೂ ಬಸ್ಸಿಗೆ ಓಡಬೇಕಾಗಿಲ್ಲ.

ನಿನ್ನ ಅತ್ತೆ